ಎಡಗೈ ನೂಲು

ರಾಜಶ್ರೀ ತನ್ನ ಗಂಡನಿಗೆ ಹೆಣೆದ ಮೊದಲ ಸ್ವೆಟರು ಒಂದೇ ಒಗೆತಕ್ಕೆ ತಿರುಗಿಕೊಂಡಿತು. ಹರಿಯಲಿಲ್ಲ, ಕುಗ್ಗಲಿಲ್ಲ. ಕುರಿಯ ಮೈಮೇಲಿದ್ದ ಬಣ್ಣವೇ ಆದ್ದರಿಂದ ಬಣ್ಣ ಬಿಡುವ ಪ್ರಶ್ನೆಯೂ ಇರಲಿಲ್ಲ. ಪಕ್ಕೆಯಲ್ಲಿ ನೇರವಾಗಿ ಇಳಿಯಬೇಕಾದ ಹೊಲಿಗೆಗಳು ಮಾತ್ರ ಓರೆಯಾಗಿ ಹೊರಟು, ಬಲಗಡೆಯದು ಹೊಟ್ಟೆಯ ಮೇಲೆ ಬಂದು ನಿಂತಿತ್ತು, ಎಡಗಡೆಯದು ಬೆನ್ನಿಗೆ ಹೋಗಿತ್ತು.

೨೦೦೧ರ ಡಿಸೆಂಬರ್. ಬೆಂಗಳೂರಿನ ಬಿಟಿಎಂ ಎರಡನೇ ಹಂತದಲ್ಲಿ ಅವರು ಬಾಡಿಗೆಗಿದ್ದ ಮನೆಯ ತಾರಸಿಯಲ್ಲಿ ಮೌನೇಶ ಆ ಸ್ವೆಟರು ತೊಟ್ಟು ನಿಂತು ಕೆಳಗೆ ನೋಡಿಕೊಂಡ.

"ನಾ ಈ ಕಡೆ ಮುಖಾ ಮಾಡೀನಿ, ಸ್ವೆಟರು ಆ ಕಡೆ ಹೊಂಟೈತಿ ನೋಡು," ಅಂದ.

ರಾಜಶ್ರೀಗೆ ನಗು ಬರಲಿಲ್ಲ. ವಾರದಲ್ಲಿ ಆರು ದಿನ ಅವಳು ಹುಡುಕುತ್ತಿದ್ದದ್ದು ಇದನ್ನೇ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಅವಳು ಚೆಕ್ಕರ್. ಹೊಲಿದು ಬಂದ ಟೀ ಶರ್ಟನ್ನು ಟ್ಯೂಬ್‌ಲೈಟಿನ ಕೆಳಗಿನ ಮೇಜಿನ ಮೇಲೆ ಹಾಸಿ, ಭುಜಕ್ಕೆ ಭುಜ ಕೂಡಿಸಿ, ಪಕ್ಕದ ಹೊಲಿಗೆ ಎಲ್ಲಿ ಬೀಳುತ್ತದೆಂದು ನೋಡುವುದು. ಎರಡು ಬೆರಳಿಗಿಂತ ಹೆಚ್ಚು ಸರಿದಿದ್ದರೆ ಕೆಂಪು ಬಾಣದ ಸ್ಟಿಕರ್ ಹಚ್ಚಿ ಬುಟ್ಟಿಗೆ ಎಸೆಯುವುದು. ಆ ದೋಷಕ್ಕೆ ಅಲ್ಲಿ ಟ್ವಿಸ್ಟಿಂಗ್ ಎನ್ನುತ್ತಿದ್ದರು. ಗಂಡನ ಹೊಟ್ಟೆಯ ಮೇಲೆ ಬಂದಿದ್ದ ಹೊಲಿಗೆ ಎರಡು ಬೆರಳಲ್ಲ, ಒಂದು ಗೇಣು ಸರಿದಿತ್ತು. ಅವಳ ಕೈ ತಾನಾಗಿಯೇ ಅದನ್ನು ಅಳೆದಿತ್ತು.

ಮೌನೇಶ ಅದನ್ನೇ ತೊಟ್ಟುಕೊಂಡು ಓಡಾಡಿದ. ಜಯನಗರ ಒಂಬತ್ತನೇ ಬ್ಲಾಕಿನ ಹಾಲಿನ ಬೂತಿನಲ್ಲಿ ಅವನ ಕೆಲಸ. ಬೆಳಗಿನ ಜಾವ ನಾಲ್ಕೂವರೆಗೆ ಸೈಕಲ್ ಹತ್ತಬೇಕು. ಆ ಹೊತ್ತಿನಲ್ಲಿ ಯಾರೂ ಹೊಲಿಗೆ ನೋಡುವುದಿಲ್ಲ, ಹಾಲಿನ ಪಾಕೀಟು ಒಡೆದಿದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತಾರೆ ಎಂದು ಅವನು ಹೇಳಿದ. ಆದರೆ ಅವಳು ನೋಡುತ್ತಿದ್ದಳು. ಅವನು ಮನೆಗೆ ಬಂದಾಗಲೆಲ್ಲ ಮುಖಕ್ಕಿಂತ ಮೊದಲು ಅವಳ ಕಣ್ಣು ಹೊಲಿಗೆಗೆ ಹೋಗುತ್ತಿತ್ತು.

ಕುಷ್ಟಗಿ ಕಡೆಯ ಒಂದು ಊರಿನಲ್ಲಿ ರಾಜಶ್ರೀಯ ಅಪ್ಪ ಬಸಪ್ಪ ಕಂಬಳಿ ನೇಯುತ್ತಿದ್ದ. ಉಣ್ಣೆ ಬಿಡಿಸುವುದು, ನೂಲುವುದು ಮನೆಯ ಹೆಂಗಸರ ಕೆಲಸ. ಬಿದಿರುಕಡ್ಡಿಯ ಕೆಳತುದಿಗೆ ಮರದ ಬಿಲ್ಲೆ ಸಿಕ್ಕಿಸಿದ ಕದಿರನ್ನು ತೊಡೆಯ ಮೇಲೆ ಅಂಗೈಯಿಂದ ಉಜ್ಜಿ ತಿರುಗಿಸಬೇಕು. ಇನ್ನೊಂದು ಕೈಯಲ್ಲಿ ಹಂಜಿ, ಅಂದರೆ ಬಿಡಿಸಿ ಸುರುಳಿ ಮಾಡಿದ ಉಣ್ಣೆ. ಕದಿರು ಸುತ್ತಿದಷ್ಟೂ ಎಳೆಗೆ ಹುರಿ ಏರುತ್ತದೆ. ರಾಜಶ್ರೀ ಏಳು ವರ್ಷದವಳಾಗಿದ್ದಾಗಲೇ ನೂಲಲು ಕೂತವಳು. ಬಸಪ್ಪ ಮಗಳ ನೂಲನ್ನು ಎರಡು ಕೈಯಲ್ಲಿ ಬಿಗಿದು ಹಿಡಿದು, ಕಿವಿಯ ಹತ್ತಿರ ತಂದು ಹೆಬ್ಬೆರಳಿನಿಂದ ಮೀಟುತ್ತಿದ್ದ. ಗಟ್ಟಿ ದನಿ ಬಂದರೆ ಮಗ್ಗಕ್ಕೆ, ಬಾರದಿದ್ದರೆ ಮತ್ತೆ ಅವಳ ಮಡಿಲಿಗೆ. ಹೀಗೆ ಅವಳ ಕೈ ಕಲಿತದ್ದು ಒಂದೇ ಬಗೆಯ ನೂಲು: ಒಂಟಿ ಎಳೆ, ಬಿರುಸು ಹುರಿ.

ಬಲಗೈ ಸೋತಾಗ ಅವಳು ಕದಿರನ್ನು ಎಡತೊಡೆಗೆ ಬದಲಾಯಿಸುತ್ತಿದ್ದುದುಂಟು. ಕಂಡರೆ ಅಪ್ಪ ಆ ಕೈಗೆ ಮೆತ್ತಗೆ ಒಂದು ಏಟು ಹಾಕುತ್ತಿದ್ದ. ಅವನ ಕಂಬಳಿಗಳು ಮದುವೆಯ ಗದ್ದುಗೆಗೆ, ದೇವರ ಕೆಳಗೆ ಹಾಸುವುದಕ್ಕೆ ಹೋಗುತ್ತಿದ್ದವು. ಎಡಗೈ ನೂಲು ದೇವರಿಗಾಗದು ಎನ್ನುವುದು ಆ ಮನೆಯ ಕಟ್ಟಳೆ. ಅವನು ಇನ್ನೊಂದು ಕಾರಣವನ್ನೂ ಹೇಳುತ್ತಿದ್ದ: ಎರಡು ಕೈಯ ನೂಲು ಒಂದೇ ಕಂಬಳಿಯಲ್ಲಿ ಬೆರೆತರೆ ಬಿಸಿಲಿಗೆ ಹಿಡಿದಾಗ ಪಟ್ಟೆ ಕಾಣುತ್ತದೆ, ಒಂದಕ್ಕೊಂದು ಮುಖ ತಿರುವಿಕೊಂಡು ಕೂತಂತೆ.

ಮದುವೆಯಾಗಿ ೧೯೯೩ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಅವಳು ಬಹಳ ವರ್ಷ ಕದಿರು ಮುಟ್ಟಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಗ್ಗದ ಕುಣಿಯನ್ನು ಅಣ್ಣ ಮುಚ್ಚಿಸಿ ಅಲ್ಲಿ ಮೋಟಾರ್‌ಸೈಕಲ್ ನಿಲ್ಲಿಸತೊಡಗಿದ. ಕೊಳ್ಳುವವರಿಲ್ಲದೆ ಉಳಿದ ಉಣ್ಣೆಯನ್ನು ಅವ್ವ ಶಿವವ್ವ, ತಲೆದಿಂಬಿಗಾದರೂ ಆದೀತು ಅಂತ ಒಂದು ಯುಗಾದಿಗೆ ಮಗಳ ಜೊತೆ ಕಳಿಸಿದಳು. ಅದು ದಿಂಬಾಗಲಿಲ್ಲ. ಬೆಳಗಿನ ಜಾವ ಮೌನೇಶ ಕೆಲಸಕ್ಕೆ ಹೋದ ಮೇಲೆ ರಾಜಶ್ರೀಗೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬರುವ ತನಕ ಸುಮಾರು ಒಂದು ಗಂಟೆ ಖಾಲಿ. ಆ ಹೊತ್ತಿನಲ್ಲಿ ಅವಳು ಚಾಪೆಯ ಮೇಲೆ ಕೂತು ಉಣ್ಣೆ ಬಿಡಿಸತೊಡಗಿದಳು, ಮುಂದಿನ ಸಲ ಊರಿಗೆ ಹೋದಾಗ ತನ್ನ ಹಳೆಯ ಕದಿರು ತಂದಳು.

ಆ ಒಂದು ಗಂಟೆ ಫ್ಯಾಕ್ಟರಿಯ ದಿನದಂತಿರಲಿಲ್ಲ. ಫ್ಯಾಕ್ಟರಿಯಲ್ಲಿ ಪ್ರತಿ ತಾಸಿಗೆ ಎಷ್ಟು ಪೀಸು ನೋಡಿದರು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನೋಡುವುದು ಎಂದರೆ ತಪ್ಪು ಹುಡುಕುವುದು. ತಪ್ಪು ಬಿಟ್ಟರೆ ಅವಳ ತಪ್ಪು, ಹೆಚ್ಚು ಹಿಡಿದರೆ ಹೊಲಿಯುವವರ ಮುನಿಸು. ಇಡೀ ದಿನ ನಿಂತೇ ಇರಬೇಕು. ಸಂಜೆ ಸಿಲ್ಕ್ ಬೋರ್ಡಿನ ಹತ್ತಿರ ಕಂಪನಿ ವ್ಯಾನಿನಿಂದ ಇಳಿದಾಗ ಕಾಲು ನೆಲಕ್ಕೆ ಹೊಂದಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಬೆಳಗಿನ ನೂಲಿಗೆ ಬೋರ್ಡಿರಲಿಲ್ಲ. ಎಳೆ ಹರಿದರೆ ಕೂಡಿಸಿದರಾಯಿತು. ಅದನ್ನು ತಪ್ಪೆಂದು ಯಾರೂ ಕರೆಯುತ್ತಿರಲಿಲ್ಲ.

ಕೆಳಮನೆಯಲ್ಲಿದ್ದ ಮನೆಯೊಡತಿ ಸುಧಾಮಣಿ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದವರು. ಬೇಗ ಏಳುವ ಅಭ್ಯಾಸ. ಒಂದು ದಿನ ತಾರಸಿಗೆ ಹೋಗುವ ದಾರಿಯಲ್ಲಿ ತೆರೆದ ಬಾಗಿಲಿನಿಂದ ನೂಲು ನೋಡಿದರು. ಸುಮ್ಮನೆ ಉಂಡೆ ಮಾಡಿ ಡಬ್ಬಿಗೆ ತುಂಬುತ್ತಿದ್ದಾಳೆಂದು ತಿಳಿದು, ಇಷ್ಟು ಚೆನ್ನಾಗಿರೋದನ್ನು ಹೀಗೆ ಇಡುವುದೇ ಎಂದು ಎರಡು ಕಡ್ಡಿ ತಂದುಕೊಟ್ಟು ಹೆಣಿಗೆ ಹೇಳಿಕೊಟ್ಟರು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ನೂಲಿನ ಜೊತೆ ಬೆಳೆದ ಬೆರಳುಗಳಿಗೆ ಅದು ಕಷ್ಟವಾಗಲಿಲ್ಲ. ಭಾನುವಾರಗಳಲ್ಲಿ ಮೆಟ್ಟಿಲ ಮೇಲೆ ಕೂತು ಇಬ್ಬರೂ ಹೆಣೆಯುತ್ತಿದ್ದರು. ಹಾಗೆ ದೀಪಾವಳಿ ಕಳೆದ ಮೇಲೆ ಮುಗಿದದ್ದು ಆ ತಿರುಗಿದ ಸ್ವೆಟರು.

ತಿರುಗಿದ್ದೇಕೆಂದು ಮೊದಲಿಗೆ ಇಬ್ಬರಿಗೂ ತಿಳಿಯಲಿಲ್ಲ. ರಾಜಶ್ರೀ ಅದನ್ನು ನೆನೆಸಿ, ನೇರಕ್ಕೆ ಎಳೆದು, ಮೂಲೆಗಳಿಗೆ ಕಲ್ಲು ಹೇರಿ ಒಣಗಿಸಿದಳು. ಒಣಗುವವರೆಗೆ ನೆಟ್ಟಗಿತ್ತು, ಮುಂದಿನ ಒಗೆತಕ್ಕೆ ಮತ್ತೆ ಹೊಟ್ಟೆಗೆ ಬಂತು.

"ಅಂಗಡಿ ಉಲ್ಲನ್ ತಗೊಂಡ್ಬಿಡಮ್ಮ ರಾಜಶ್ರೀ. ಫೋರ್ತ್ ಬ್ಲಾಕಲ್ಲಿ ಬೇಕಾದಷ್ಟು ಸಿಗತ್ತೆ," ಎಂದು ಸುಧಾಮಣಿ ತಮ್ಮ ಉಂಡೆಯನ್ನು ಅವಳ ಕೈಗಿಟ್ಟರು.

ಅದರ ತುದಿ ಬಿಚ್ಚಿಕೊಂಡಿತ್ತು. ರಾಜಶ್ರೀ ಬೆರಳಿನಲ್ಲಿ ಹೊಸೆದು ನೋಡಿದಳು. ಒಳಗೆ ನಾಲ್ಕು ತೆಳು ಎಳೆಗಳು. ಪ್ರತಿ ಎಳೆಯನ್ನೂ ಒಂದು ದಿಕ್ಕಿಗೆ ನೂತು, ನಾಲ್ಕನ್ನೂ ಕೂಡಿಸಿ ಎದುರು ದಿಕ್ಕಿಗೆ ಹುರಿಗೊಳಿಸಿದ್ದರು. ಆಗ ಅವಳಿಗೆ ಗೊತ್ತಾಯಿತು. ಹುರಿಗೊಂಡ ಎಳೆ ಸದಾ ಬಿಚ್ಚಿಕೊಳ್ಳಲು ನೋಡುತ್ತಿರುತ್ತದೆ. ಕಂಬಳಿಯಲ್ಲಿ ಹಾಸು ಹೊಕ್ಕುಗಳು ಒಂದನ್ನೊಂದು ಅಡ್ಡ ಹಿಡಿದಿರುತ್ತವೆ, ಮೇಲೆ ಹುಣಸೆಬೀಜದ ಗಂಜಿ ಬಿದ್ದು ಎಲ್ಲ ಅಲ್ಲಲ್ಲೇ ಗಟ್ಟಿಯಾಗುತ್ತದೆ. ಹೆಣಿಗೆಯಲ್ಲಿ ಹಿಡಿಯುವವರಿಲ್ಲ. ಕುಣಿಕೆಯಿಂದ ಕುಣಿಕೆ ಸಡಿಲವಾಗಿ ತೂಗಿಕೊಂಡಿರುತ್ತದೆ. ಹುರಿ ಎತ್ತ ತಳ್ಳುತ್ತದೋ ಎಲ್ಲವೂ ಅತ್ತಲೇ ವಾಲುತ್ತವೆ. ಅಂಗಡಿಯ ನೂಲಿನಲ್ಲಿ ಎರಡು ಹುರಿಗಳು ಎದುರುಬದುರಾಗಿ ತಣ್ಣಗಾಗಿರುತ್ತವೆ. ಅವಳ ನೂಲಿನಲ್ಲಿ ಇದ್ದದ್ದು ಒಂದೇ, ಅದೂ ಕಂಬಳಿಗೆ ಬೇಕಾದ ಬಿರುಸಿನದು. ಅಪ್ಪ ಮೀಟಿ ಮೆಚ್ಚಿದ ಗುಣವೇ ಗಂಡನ ಹೊಲಿಗೆಯನ್ನು ತಿರುಗಿಸಿತ್ತು.

ಹುರಿ ಕಡಿಮೆ ಮಾಡಿ ನೂಲಲು ಹೋದರೆ ಕೈ ಕೇಳಲಿಲ್ಲ; ಏಳರ ವಯಸ್ಸಿನಲ್ಲಿ ಹತ್ತಿದ ರೂಢಿ. ಕೇಳಿದಾಗಲೂ ಆ ಮೋಟು ಉಣ್ಣೆ ಸಡಿಲ ಹುರಿಗೆ ನಿಲ್ಲದೆ ಹರಿಯುತ್ತಿತ್ತು. ಉಳಿದದ್ದು ಎರಡು ಎಳೆ ಕೂಡಿಸಿ ಹೊಸೆಯುವ ದಾರಿ. ಅದಕ್ಕೆ ಮೊದಲಿಗಿಂತ ತೆಳ್ಳಗೆ, ಮೊದಲಿಗಿಂತ ಎರಡು ಪಟ್ಟು ಉದ್ದ ನೂಲಬೇಕು, ಆಮೇಲೆ ಕೂಡಿಸಲು ಮತ್ತೊಂದು ಸುತ್ತು ಕದಿರು ತಿರುಗಿಸಬೇಕು. ಒಂದು ಗಂಟೆಯ ಕೆಲಸ ಮೂರು ಗಂಟೆಯದಾಯಿತು. ಅವಳು ಸಂಜೆಯೂ ಕೂತಳು. ಅಡಿಗೆ ಮುಗಿಸಿ, ಪಾತ್ರೆ ಹಾಗೇ ಬಿಟ್ಟು ಕೂತಳು. ಸರಿಯಾದ ಸ್ವೆಟರೊಂದು ಆಗುವವರೆಗೆ ಎಂದುಕೊಂಡಳು. ಬೆಳಗಿನ ಆ ಗಂಟೆಗೂ ಈಗ ಬೋರ್ಡು ಬಂದಂತಾಯಿತು, ಬರೆಯುವವಳೂ ಅವಳೇ.

ಮಳೆಗಾಲ ಶುರುವಾಗುವ ಹೊತ್ತಿಗೆ ಬಲಗೈ ಮಣಿಕಟ್ಟು ಊದಿಕೊಂಡಿತು. ಲೋಟ ಹಿಡಿದರೆ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಸೆಳೆತ. ಇಎಸ್‌ಐ ಡಾಕ್ಟರು ಅವಳ ಹೆಬ್ಬೆರಳನ್ನು ಮಡಚಿಸಿ, ತಿರುಗಿಸಿ ನೋಡಿ, ಏನು ಕೆಲಸ ಎಂದು ಕೇಳಿದರು. ಫ್ಯಾಕ್ಟರಿಯದನ್ನು ಹೇಳಿದಳು, ಆಮೇಲೆ ಮೆಲ್ಲಗೆ ಕದಿರಿನದನ್ನೂ ಹೇಳಿದಳು. ಡಾಕ್ಟರು ಪಟ್ಟಿ ಕಟ್ಟಿಸಿದರು. ಎರಡರಲ್ಲಿ ಒಂದನ್ನು ಬಿಡಲೇಬೇಕು, ಇಲ್ಲದಿದ್ದರೆ ಎರಡನ್ನೂ ಕೈಯೇ ಬಿಡಿಸುತ್ತದೆ ಎಂದರು. ಯಾವುದನ್ನು ಬಿಡುವುದೆಂದು ಕೇಳುವ ಅಗತ್ಯ ಅವರಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ.

"ಸಾಕ್ ಮಾಡಿನ್ನ," ಎಂದ ಮೌನೇಶ. "ಸ್ವೆಟರು ಎಲ್ಲಾರ ಸಿಗತೈತಿ. ಕೈ ಎಲ್ಲಿಂದ ತರೂದು?"

"ಸ್ವೆಟರಿನ ಮಾತಲ್ರಿ ಅದು."

"ಮತ್ತ ಯಾವುದರದು?"

ಅವಳು ಕದಿರನ್ನು ಅಡಿಗೆಮನೆಯ ಸಜ್ಜದ ಮೇಲೆ, ಉಣ್ಣೆಯ ಮೂಟೆಯ ಹಿಂದೆ ಇಟ್ಟಳು.

ಕೈಗೆ ಸ್ವಲ್ಪ ಆರಾಮವಾಯಿತು. ಬೇರೆ ಯಾವುದಕ್ಕೂ ಆಗಲಿಲ್ಲ. ಬೆಳಗಿನ ಜಾವ ಎಚ್ಚರವಂತೂ ಆಗುತ್ತಲೇ ಇತ್ತು. ಮೌನೇಶನ ಸೈಕಲ್ ಗೇಟು ದಾಟಿದ ಸದ್ದು ಕೇಳಿದ ಮೇಲೆ ಅವಳು ಚಾಪೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಕೂತಲ್ಲಿಯೇ ಆ ದಿನದ ಪೀಸುಗಳು ತಲೆಯೊಳಗೆ ಬಂದು ಸಾಲು ನಿಲ್ಲುತ್ತಿದ್ದವು. ದಿನ ಇನ್ನೂ ಹುಟ್ಟಿರುತ್ತಿರಲಿಲ್ಲ, ಅವಳಾಗಲೇ ಕೆಲಸಕ್ಕೆ ಹತ್ತಿರುತ್ತಿದ್ದಳು. ಒಂದು ತಿಂಗಳು ಹೀಗೆ ಕಳೆಯಿತು, ಎರಡು ಕಳೆಯಿತು. ಸುಧಾಮಣಿ ಮೆಟ್ಟಿಲ ಮೇಲೆ ಕೂತು ಕರೆದರೆ, ಬಟ್ಟೆ ನೆನೆಹಾಕಿದೀನಿ ಆಂಟಿ ಎನ್ನುತ್ತಿದ್ದಳು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಸಜ್ಜದಿಂದ ರಾಗಿ ಡಬ್ಬಿ ತೆಗೆಯುವಾಗ ಕದಿರು ಕೈಗೆ ಸಿಕ್ಕಿತು. ಬಲಗೈಯಲ್ಲಿ ಡಬ್ಬಿ ಇದ್ದುದರಿಂದ ಅದು ಬಂದದ್ದು ಎಡಗೈಗೆ. ಅವಳು ಡಬ್ಬಿ ಕೆಳಗಿಟ್ಟಳು, ಕದಿರನ್ನು ಕೈ ಬದಲಾಯಿಸಲಿಲ್ಲ. ಹಂಜಿಯನ್ನು ಬಲಗೈಯಲ್ಲಿ ಹಿಡಿದಳು. ಹಿಡಿಯುವುದರಲ್ಲಿ ಮಣಿಕಟ್ಟು ತಿರುಗುವುದಿಲ್ಲ, ಬೆರಳು ಸಡಿಲಿಸಿದರಾಯಿತು. ಎಡತೊಡೆಯ ಮೇಲೆ ಎಡ ಅಂಗೈಯಿಂದ ಉಜ್ಜಿದಳು. ಬಂದದ್ದು ನೂಲಲ್ಲ. ಒಂದು ಕಡೆ ಬೆರಳು ದಪ್ಪ, ಒಂದು ಕಡೆ ಕೂದಲಿನಷ್ಟು ತೆಳು, ಆಮೇಲೆ ಹರಿದೇ ಹೋಗುವುದು. ಏಳು ವರ್ಷದವಳು ಕೂಡ ಇದಕ್ಕಿಂತ ಚೆನ್ನಾಗಿ ನೂತಿದ್ದಳು. ಆದರೆ ನಲ್ಲಿಯಲ್ಲಿ ನೀರು ಬಂದ ಸದ್ದು ಕೇಳಿದಾಗ, ಅಷ್ಟು ಹೊತ್ತು ತಲೆಯೊಳಗೆ ಒಂದು ಪೀಸೂ ಬಂದಿರಲಿಲ್ಲ ಎಂದು ಅವಳಿಗೆ ಅರಿವಾಯಿತು.

ನವರಾತ್ರಿಯ ಹೊತ್ತಿಗೆ ಎಡಗೈ ನೂಲು ಹರಿಯದೆ ಬರತೊಡಗಿತು. ನುಣುಪಿರಲಿಲ್ಲ. ಹೆಣೆದರೆ ಹೇಗಿರುತ್ತದೆಂದು ನೋಡಲು ಅಂಗೈಯಗಲದ ಒಂದು ತುಂಡು ಹೆಣೆದು, ನೀರಲ್ಲಿ ಅದ್ದಿ, ತಂತಿಗೆ ಹಾಕಿದಳು. ಸಂಜೆ ಬಂದು ನೋಡಿದಾಗ ಅದೂ ವಾಲಿತ್ತು. ಆದರೆ ಅವಳ ಕಣ್ಣು ಅದರ ಮೇಲೆ ನಿಂತಿತು. ಹಳೆಯ ನೂಲಿನಲ್ಲಿ ಹೀಗೆ ಪರೀಕ್ಷೆಗೆಂದು ಹೆಣೆದಿದ್ದ ಎಲ್ಲ ತುಂಡುಗಳೂ ಬಲಕ್ಕೆ ವಾಲುತ್ತಿದ್ದವು. ಇದು ಎಡಕ್ಕೆ ವಾಲಿತ್ತು.

ಅವಳು ತುಂಡನ್ನು ಮಗುಚಿ ನೋಡಿದಳು. ಹಳೆಯದೊಂದು ತುಂಡು ತಂದು ಪಕ್ಕದಲ್ಲಿ ಹಾಸಿದಳು. ಎರಡೂ ಒಂದಕ್ಕೊಂದು ತಲೆ ತಾಗಿಸಿಕೊಂಡಂತೆ ಕೂತವು. ಎಡಗೈ ಮಾಡುವುದು ಬಲಗೈಯ ಕೆಲಸವನ್ನೇ, ಕನ್ನಡಿಯಲ್ಲಿ ಕಂಡ ಹಾಗೆ; ಆದ್ದರಿಂದ ಹುರಿಯೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿತ್ತು.

ಅವಳ ಡಬ್ಬಿಯಲ್ಲಿ ಬಲಗೈಯ ಒಂಟಿ ಎಳೆ ನೂಲಿನ ಉಂಡೆಗಳು ಇನ್ನೂ ಇದ್ದವು. ಎರಡು ಸಾಲು ಅದರಲ್ಲಿ, ಎರಡು ಸಾಲು ಹೊಸದರಲ್ಲಿ, ಹೀಗೆ ಒಂದು ತುಂಡು ಹೆಣೆದಳು. ತೋಯಿಸಿದಳು. ಒಣಗಿದ ಮೇಲೆ ಮೇಜಿನ ಮೇಲೆ ಹಾಸಿ, ಮೂಲೆಗೆ ಮೂಲೆ ಕೂಡಿಸಿ ಮಡಚಿದಳು. ಅಂಚಿಗೆ ಅಂಚು ಸರಿಯಾಗಿ ಬಿತ್ತು. ಮತ್ತೊಮ್ಮೆ ತೋಯಿಸಿ ನೋಡಿದಳು, ಆಗಲೂ ಬಿತ್ತು. ಒಂದು ಬಲಕ್ಕೆ ತಳ್ಳುತ್ತಿತ್ತು, ಇನ್ನೊಂದು ಎಡಕ್ಕೆ. ಎರಡಕ್ಕೂ ಹೋಗಲು ಜಾಗವಿರಲಿಲ್ಲ. ಎಳೆ ಕೂಡಿಸಿ ಹೊಸೆಯುವ ಕೆಲಸವೇ ಬೇಡ. ಮುಂದೆ ಬಲಗೈ ಪೂರ್ತಿ ವಾಸಿಯಾದರೆ ಒಂದು ದಿನ ಆ ಕೈ, ಒಂದು ದಿನ ಈ ಕೈ. ಅವಳು ತುಂಡನ್ನು ಹಿಡಿದುಕೊಂಡು ಕೆಳಮನೆಗೆ ಇಳಿದಳು.

ಸುಧಾಮಣಿ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಎರಡು ಬಗೆಯ ಉಣ್ಣೆಯೇ ಎಂದು ಕೇಳಿದರು. ಒಂದೇ ಬಣ್ಣದಲ್ಲಿ ಮಾಸಲು ಪಟ್ಟೆಗಳು ಕಾಣುತ್ತಿದ್ದವು. ಉಣ್ಣೆ ಒಂದೇ, ಕೈ ಎರಡು ಎಂದು ರಾಜಶ್ರೀ ಹೇಳಿದಳು. ಪಟ್ಟೆ ಕಂಡಾಗ ಅವಳಿಗೆ ಅಪ್ಪನ ಮಾತು ನಿಜವೆನಿಸಿತು. ಅದೇ ಹೊತ್ತಿಗೆ, ಎಡಗೈ ನೂಲು ದೇವರಿಗಾಗದು ಎಂಬ ಅವನ ಇನ್ನೊಂದು ಮಾತೂ ನೆನಪಾಗಿ ಸ್ವಲ್ಪ ಅಳುಕಿದಳು.

ಆ ಅಳುಕು ಡಿಸೆಂಬರಿನಲ್ಲಿ ಮನೆಗೇ ಬಂತು. ಕಣ್ಣಿನ ಪೊರೆ ತೆಗೆಸಲು ಶಿವವ್ವ ಬೆಂಗಳೂರಿಗೆ ಬಂದಳು. ಆಪರೇಷನ್ ಆಗಿ ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡು ಮಗಳ ಮನೆಯ ಮೂಲೆಯಲ್ಲಿ ಒರಗಿ ಕೂತಿದ್ದಳು. ಒಲೆಯ ಹತ್ತಿರ ಹೋಗಬಾರದು, ಬಗ್ಗಬಾರದು ಎಂದಿದ್ದರು. ಅವಳಿಗೆ ಆ ಸುಮ್ಮನಿರುವಿಕೆಯೇ ದೊಡ್ಡ ಬೇನೆಯಾಗಿತ್ತು. ಮೂರನೇ ದಿನದ ಬೆಳಗಿನ ಜಾವ ಅವಳು ಎಚ್ಚೆತ್ತು ಇನ್ನೊಂದು ಕಣ್ಣಿನಲ್ಲಿ ಮಗಳನ್ನು ನೋಡಿದಳು.

"ಯಾಕವ್ವ, ಎಡಗೈಲೆ ನೂಲಾಕತ್ತಿ?"

"ಬಲಗೈ ಬ್ಯಾನಿ ಆಗೈತಿ ಯವ್ವಾ."

"ಹಂಗಾರ ಬಿಡು. ಎಡಗೈ ನೂಲು ಯಾರಿಗೆ ಬೇಕು? ನಿಮ್ಮಪ್ಪ ಇದ್ದಿದ್ರ ಕದರ ಕಸಗೊಂಡು ಒಗೀತಿದ್ದ."

ರಾಜಶ್ರೀಯ ಅಂಗೈ ತೊಡೆಯ ಮೇಲೆ ನಿಂತಿತು. ಫ್ಯಾಕ್ಟರಿಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಅವಳು ತಲೆತಗ್ಗಿಸಿ ಬುಟ್ಟಿಯತ್ತ ಹೋಗುತ್ತಿದ್ದಳು.

"ಅಪ್ಪ ಇದ್ದಿದ್ರ ಮೊದಲ ನನ್ನ ಕೈ ನೋಡ್ತಿದ್ದ," ಎಂದಳು. "ಇದು ಗದ್ದಿಗಿಗೆ ಹಾಸೂದಲ್ಲ. ನಿಮ್ಮ ಅಳಿಯ ಹಾಲಿನ ಗಾಡಿ ಮುಂದ ನಿಂದ್ರತಾನಲ್ಲ, ಅದಕ್ಕ. ಇದನ್ನ ಬಿಟ್ರ ನನಗ ಇಡೀ ದಿವಸ ಫ್ಯಾಕ್ಟರಿ ಒಂದ ಉಳೀತೈತಿ ಯವ್ವಾ. ಬೆಳಗ್ಗೆ ಎದ್ದಾಗಿಂದ ಮಕ್ಕೊಳ್ಳೂತನಕ."

ಶಿವವ್ವ ದೇವರ ಗೂಡಿನ ಹತ್ತಿರವಾದರೂ ಕೂಡಬೇಡ ಎಂದಳು. ಅಲ್ಲಿಂದ ಗೂಡಿಗೆ ನಾಲ್ಕು ಹೆಜ್ಜೆಯೂ ಇರಲಿಲ್ಲ. ಮನೆ ಇದ್ದದ್ದೇ ಅಷ್ಟು. ರಾಜಶ್ರೀ ಚಾಪೆಯನ್ನು ಬಾಗಿಲ ಕಡೆಗೆ ಎಳೆದುಕೊಂಡು ಮತ್ತೆ ಕೂತಳು. ತಾಯಿಗೆ ನೋವಾಯಿತೆಂದು ಗೊತ್ತಿತ್ತು. ಕದಿರು ನಿಲ್ಲಿಸಲಿಲ್ಲ.

ಆ ದಿನ ಸಂಜೆ ರಾಜಶ್ರೀ ಫ್ಯಾಕ್ಟರಿಯಿಂದ ಬಂದಾಗ, ಹೆಣೆದು ಮುಗಿಸಿದ್ದ ಹೊಸ ಸ್ವೆಟರಿನ ಬೆನ್ನಿನ ಭಾಗ ಶಿವವ್ವನ ಮಡಿಲಲ್ಲಿತ್ತು. ಅವಳು ಅದನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಎದುರುಬದುರು ಮೂಲೆ ಹಿಡಿದು ಎಳೆಯುವುದು, ಬಿಡುವುದು; ಇನ್ನೆರಡು ಮೂಲೆ ಹಿಡಿದು ಎಳೆಯುವುದು, ಬಿಡುವುದು. ಮಗ್ಗದಿಂದ ಇಳಿಸಿದ ಕಂಬಳಿಯನ್ನು ಗಂಡಹೆಂಡತಿ ಹೀಗೆಯೇ ಎಳೆದು ನೋಡುತ್ತಿದ್ದರು. ಮಗಳು ಬಂದದ್ದು ಗೊತ್ತಾದ ಮೇಲೆ ಮಡಚಿ ಪಕ್ಕಕ್ಕಿಟ್ಟಳು. ದಪ್ಪ ತೆಳ್ಳಗೆ ಬಹಳ ಐತಿ ಎಂದಳು. ಹೌದೆಂದು ರಾಜಶ್ರೀ ಒಪ್ಪಿಕೊಂಡಳು. ಅದರ ಬಗ್ಗೆ ಅವರು ಆಡಿದ ಮಾತು ಅಷ್ಟೇ. ರಾತ್ರಿ ಊಟಕ್ಕೆ ಕೂತಾಗ ಶಿವವ್ವ ಅಳಿಯನಿಗೆ, ಜಾವದ ಚಳಿ ಬಹಳ ಇರತೈತೇನು ಎಂದು ಕೇಳಿದಳು. ಇರತೈತ್ರಿ ಅತ್ತಿ, ಕ್ರೇಟು ಹಿಡಿದರೆ ಕೈ ಜೋಮು ಹಿಡೀತಾವು ಎಂದು ಅವನು ಹೇಳಿದ.

ಮರುದಿನ ಜಾವದಲ್ಲಿ ಮೌನೇಶ ಹೋದ ಮೇಲೆ ರಾಜಶ್ರೀ ಮುಖ ತೊಳೆದು ಬಂದಳು. ಮೈ ಭಾರವಾಗಿತ್ತು. ಹಿಂದಿನ ದಿನ ಒಂದು ಲಾಟ್ ಪೂರ್ತಿ ಮತ್ತೆ ಚೆಕ್ ಮಾಡಿಸಿದ್ದರು, ಇವತ್ತೂ ಅದೇ ಇತ್ತು. ಬಾಗಿಲ ಹತ್ತಿರ ಚಾಪೆ ಹಾಸಿತ್ತು. ಅವಳು ಹಾಸಿದ್ದಲ್ಲ. ಶಿವವ್ವ ಗೋಡೆಗೆ ಒರಗಿ, ತಲೆ ಬಗ್ಗಿಸದೆ, ಬೆರಳ ತುದಿಯಿಂದಲೇ ಉಣ್ಣೆ ಬಿಡಿಸುತ್ತಿದ್ದಳು. ಆಗಲೇ ಐದಾರು ಹಂಜಿ ಸುತ್ತಿಟ್ಟಿದ್ದಳು.

ನೂಲುವ ಮನೆಗಳಲ್ಲಿ ಹಂಜಿಯನ್ನು ನೂಲುವವಳ ಎಡಗಡೆ ಇಡುತ್ತಾರೆ, ಎಡಗೈ ಅದನ್ನು ಎತ್ತಿಕೊಳ್ಳಲಿ, ಬಲಗೈ ಕದಿರು ಬಿಡದಿರಲಿ ಎಂದು. ರಾಜಶ್ರೀಯ ನೆನಪಿನಲ್ಲಿ ಅವ್ವ ಅದನ್ನು ಬೇರೆ ಕಡೆ ಇಟ್ಟದ್ದೇ ಇಲ್ಲ. ಇವತ್ತು ಹಂಜಿಗಳು ಚಾಪೆಯ ಬಲಗಡೆಗಿದ್ದವು.

ರಾಜಶ್ರೀ ಕೂತಳು. ಬಲಗೈ ಚಾಚಿದರೆ ಸರಿಯಾಗಿ ಸಿಗುವಷ್ಟು ದೂರ. ಒಂದನ್ನೆತ್ತಿಕೊಂಡು ಎಳೆಗೆ ಕೂಡಿಸಿ, ಎಡ ಅಂಗೈಯನ್ನು ಕದಿರಿನ ಮೇಲಿಟ್ಟಳು. ನೀರು ಬರಲು ಇನ್ನೂ ಹೊತ್ತಿತ್ತು.